ಯುದ್ಧಕಾಲದ ಪತ್ರಿಕಾಕರ್ತನ ಸಂಸಾರ

ಬೆಳಗಿನ ಕಾಫಿಯ ಲೋಟವನ್ನು ಒಂದು ಕೈಯಲ್ಲಿಯೂ ವೃತ್ತಪತ್ರಿಕೆಯನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು ಜಗಲಿಯ ಮೇಲೆ ಕುಳಿತ ಗೃಹಸ್ಥನಿಗೆ ಲೋಕದ ಅಲ್ಲೋಲಕಲ್ಲೋಲಗಳೆಲ್ಲವೂ ಬಹು ಸುಲಭವಾಗಿ ದೊರೆಯುತ್ತವೆ. ಎಲ್ಲಿಯೋ ಒಂದು ಪಟ್ಟಣ ಶತ್ರುವಶವಾಯಿತು. ಎಲ್ಲಿಯೋ ಒಂದು ಹಡಗು ಮುಳುಗಿತು. ಎಲ್ಲಿಯೋ ಒಂದು ರಾಜ್ಯ ಕೈಬದಲಾಯಿತು. ಇವಿಷ್ಟನ್ನೂ ಆತನು ಕಾಫಿ ಆರುವುದರೊಳಗಾಗಿ ಓದಿ ಮುಗಿಸಿ, “ಕಾಲ ಕೆಟ್ಟಿತು” ಎಂದು ಒಂದು ಮಾತು ಹೇಳಿ, ಪತ್ರಿಕೆಯನ್ನು ಮಡಿಸಿಟ್ಟು ಸ್ನಾನಕ್ಕೆ ಏಳುತ್ತಾನೆ. ಮರುದಿನ ಆ ಪತ್ರಿಕೆ ಅಂಗಡಿಯಲ್ಲಿ ಮೆಣಸಿನಕಾಯಿಯ ಪೊಟ್ಟಣವಾಗುತ್ತದೆ. ಅದನ್ನು ಬರೆದಾತನಿಗೂ ಒಂದು ಮನೆಯುಂಟು, ಆ ಮನೆಯಲ್ಲಿಯೂ ಹೊತ್ತಿಗೆ ಸರಿಯಾಗಿ ಒಲೆ ಹೊತ್ತಬೇಕು, ಮಕ್ಕಳಿಗೆ ಬಟ್ಟೆ ಬೇಕು, ಅಕ್ಕಿಯವನ ಲೆಕ್ಕ ತೀರಬೇಕು ಎಂಬ ಯೋಚನೆ ಸಾಧಾರಣವಾಗಿ ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಈ ತಿಂಗಳು ಅಂತಹ ಒಂದು ಮನೆಯ ಬಾಗಿಲಿನಲ್ಲಿ ವಾಚಕರೊಡನೆ ಸ್ವಲ್ಪ ಹೊತ್ತು ನಿಲ್ಲಬೇಕೆಂಬುದು ನಮ್ಮ ಆಶಯ.

ನಮ್ಮ ಗುಬ್ಬಿಯು ನಾಟಕದಿಂದ ಹೆಸರಾದ ಊರು. 1884ರಲ್ಲಿ ಇಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವೂ, ಅದನ್ನು ನಾಡಿನಾದ್ಯಂತ ಮೆರೆಸಿದ ಗುಬ್ಬಿ ವೀರಣ್ಣನವರೂ ಊರಿನ ಹೆಸರನ್ನು ದೂರದೂರಕ್ಕೆ ಕೊಂಡೊಯ್ದರು. ಆದರೆ ದೂರದೂರದ ಸುದ್ದಿಯನ್ನು ಊರಿಗೆ ತಂದದ್ದು ರೈಲುಗಾಡಿ. ತುಮಕೂರಿನಿಂದಾಚೆಗೆ ಸುಮಾರು 12 ಮೈಲಿ ದೂರದಲ್ಲಿ, ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ಹಾದಿಯಲ್ಲಿ ನಮ್ಮ ನಿಲ್ದಾಣವಿದೆ. ಇಲ್ಲಿಂದ ಕೊಬ್ಬರಿ ಅಡಕೆಗಳ ಮೂಟೆಗಳು ಏರಿದರೆ ಅಲ್ಲಿಂದ ಟಪ್ಪಾಲಿನ ಚೀಲ ಇಳಿಯುತ್ತಿತ್ತು. ಚೀಲದೊಳಗೆ ಪತ್ರಿಕೆಯ ಪ್ರತಿಗಳಿರುತ್ತಿದ್ದವು. ಆ ದಿನಗಳಲ್ಲಿ ಒಂದು ಪ್ರತಿಯನ್ನು ಒಬ್ಬರೇ ಓದುತ್ತಿರಲಿಲ್ಲ. ಇಂಗ್ಲಿಷು ಬಲ್ಲ ವಕೀಲರೋ ಉಪಾಧ್ಯಾಯರೋ ಓದಿ ಕನ್ನಡದಲ್ಲಿ ಹೇಳುವರು. ಜಗಲಿಯ ಮೇಲಿನವರು ಕೇಳುವರು. ನಡುಮನೆಯ ಬಾಗಿಲಿನ ಮರೆಯಲ್ಲಿ ನಿಂತ ಹೆಂಗಸರ ಕಿವಿಗೂ ಅದು ಬೀಳುವುದು. ಒಂದು ಪ್ರತಿಗೆ ಒಂದು ಚಂದಾ, ಕೇಳುವವರು ಇಪ್ಪತ್ತು ಮಂದಿ. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಪತ್ರಿಕಾಕರ್ತನ ಮನೆಯ ಕಥೆಗೆ ಇದೇ ಮೂಲ.

ನಾವು ಹೇಳಹೊರಟಿರುವುದು ಶ್ರೀಮಾನ್ ಡಿ. ವಿ. ಗುಂಡಪ್ಪನವರ ಮನೆಯ ಮಾತು. ಇಂದು ಅವರ ಹೆಸರನ್ನು ಕೇಳಿದೊಡನೆ ಎಲ್ಲರಿಗೂ ‘ಮಂಕುತಿಮ್ಮನ ಕಗ್ಗ’ ನೆನಪಾಗುತ್ತದೆ. ಆದರೆ ಅವರು ಹೊಟ್ಟೆಯ ಪಾಡಿಗೂ ಮನಸ್ಸಿನ ತೃಪ್ತಿಗೂ ಮೊದಲು ಹಿಡಿದದ್ದು ಪತ್ರಿಕೆಯ ಕೆಲಸವನ್ನು. 1887ನೆಯ ಇಸವಿ ಮಾರ್ಚಿ 17ರಂದು ಮುಳಬಾಗಿಲಿನಲ್ಲಿ ಹುಟ್ಟಿದ ಅವರಿಗೆ ಶಾಲೆಯ ವಿದ್ಯೆ ಮೆಟ್ರಿಕ್ಯುಲೇಷನ್ ಪರೀಕ್ಷೆಯ ಬಳಿಯಲ್ಲಿಯೇ ನಿಂತುಹೋಯಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ತಯಾರಿಸುವ ಕಾರ್ಖಾನೆಯೊಂದರಲ್ಲಿಯೂ, ಬೆಂಗಳೂರಿಗೆ ಬಂದ ಮೇಲೆ ಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿಯೂ ಕೆಲಕಾಲ ದುಡಿದು, ಕೊನೆಗೆ ‘ಸೂರ್ಯೋದಯ ಪ್ರಕಾಶಿಕೆ’ ಎಂಬ ಪತ್ರಿಕೆಯನ್ನು ಸೇರಿದರು. ಅಲ್ಲಿಂದ ಮುಂದೆ ಲೇಖನಿಯೇ ಅವರ ಕಸುಬಾಯಿತು.

ಅದು ಪತ್ರಿಕೆಗಳಿಗೆ ಸುಖದ ಕಾಲವಾಗಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಕಾನೂನು ಜಾರಿಗೆ ಬಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ. ಕೊಟ್ಟ ಅಪ್ಪಣೆಯನ್ನು ಸರ್ಕಾರವು ಹಿಂದಕ್ಕೆ ತೆಗೆದುಕೊಳ್ಳಬಹುದು. ಮೈಸೂರಿನಲ್ಲಿ ತಾತಯ್ಯನವರೆಂದು ಜನರ ಪ್ರೀತಿಗೆ ಪಾತ್ರರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಆ ಕಾನೂನನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಅಂತಹ ಕಾನೂನಿನ ನೆರಳಿನಲ್ಲಿಯೇ, ಮೊದಲನೆಯ ಮಹಾಯುದ್ಧ ಹೊತ್ತಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಗುಂಡಪ್ಪನವರು ಬೆಂಗಳೂರಿನಿಂದ ‘ಕರ್ಣಾಟಕ’ ಎಂಬ ಇಂಗ್ಲಿಷು ಪತ್ರಿಕೆಯನ್ನು ಹೊರಡಿಸಿದರು. ಅದು ವಾರಕ್ಕೆ ಎರಡಾವೃತ್ತಿ ಹೊರಡುತ್ತಿತ್ತು. ಆಳುವವರ ಭಾಷೆಯಲ್ಲಿ ಬರೆದರೆ ಪ್ರಜೆಯ ಮಾತು ಆಳುವವರ ಕಿವಿಗೆ ನೇರವಾಗಿ ಮುಟ್ಟುವುದೆಂಬುದು ಆ ಕಾಲದ ನಂಬಿಕೆ.

1914ರ ಜುಲೈ ಕೊನೆಯಲ್ಲಿ ಯೂರೋಪಿನಲ್ಲಿ ಯುದ್ಧ ಪ್ರಾರಂಭವಾಯಿತು. ಗುಂಡಪ್ಪನವರಿಗೆ ಆಗ 27 ವರ್ಷ. ಆ ವಯಸ್ಸಿಗೆ ಅವರ ತಲೆಯ ಮೇಲೆ ಒಂದು ಪತ್ರಿಕೆ, ಒಂದು ಸಂಸಾರ, ಎರಡೂ ಇದ್ದವು.

ಅಂದಿನ ಸಣ್ಣ ಪತ್ರಿಕೆಯ ಕಚೇರಿ ಎಂದರೆ ಇಂದಿನವರು ದೊಡ್ಡ ಸೌಧವನ್ನು ಕಲ್ಪಿಸಿಕೊಳ್ಳಬಾರದು. ಒಂದೆರಡು ಕೋಣೆಗಳು, ಗೋಡೆಗೆ ಒರಗಿಸಿದ ಮೊಳೆಗಳ ಪೆಟ್ಟಿಗೆಗಳು, ಎಣ್ಣೆಯ ದೀಪ, ಕಾಲಿನಿಂದ ತುಳಿದೋ ಕೈಯಿಂದ ತಿರುಗಿಸಿಯೋ ನಡೆಸುವ ಅಚ್ಚಿನ ಯಂತ್ರ. ಮೊಳೆ ಜೋಡಿಸುವವನು ಒಂದೊಂದಕ್ಷರವನ್ನೂ ಆರಿಸಿ ಸಾಲುಮಾಡಬೇಕು. ಸಾಲುಗಳು ಕೂಡಿ ಪುಟವಾಗಬೇಕು. ಪುಟಕ್ಕೆ ಮಸಿ ಬಳಿದು ಕರಡು ತೆಗೆದುಕೊಟ್ಟರೆ ಸಂಪಾದಕನು ತಪ್ಪು ತಿದ್ದಬೇಕು. ತಿದ್ದಿದ್ದನ್ನು ಮತ್ತೆ ಮೊಳೆಯವನು ಸರಿಪಡಿಸಬೇಕು. ಅಚ್ಚಾದ ಮೇಲೆ ಹಾಳೆಗಳನ್ನು ಮಡಿಸಿ, ಸುತ್ತುಕಾಗದ ಹಚ್ಚಿ, ವಿಳಾಸ ಬರೆದು, ರೈಲು ಹೊರಡುವ ಹೊತ್ತಿಗೆ ಅಂಚೆಗೆ ಸೇರಿಸಬೇಕು. ಇಷ್ಟೂ ಮುಗಿದು ಮೊಳೆಗಳನ್ನೆಲ್ಲ ಬಿಚ್ಚಿ ಅವವುಗಳ ಗೂಡಿಗೆ ಹಂಚಿದ ಹೊರತು ಮುಂದಿನ ಸಂಚಿಕೆಗೆ ಅಕ್ಷರಗಳಿಲ್ಲ. ದೊಡ್ಡ ಪತ್ರಿಕೆಯಲ್ಲಿ ಹತ್ತು ಮಂದಿ ಹಂಚಿಕೊಳ್ಳುವ ಕೆಲಸವನ್ನು ಸಣ್ಣ ಪತ್ರಿಕೆಯ ಸಂಪಾದಕನು ಒಬ್ಬಿಬ್ಬರ ನೆರವಿನಿಂದ ನೆರವೇರಿಸುತ್ತಿದ್ದನು. ಅಗ್ರಲೇಖನ ಅವನದು, ಕರಡಿನ ತಿದ್ದುಪಡಿ ಅವನದು, ಚಂದಾ ಬಾಕಿಯ ಕಾಗದವೂ ಅವನದು.

ಯುದ್ಧ ಬಂದ ಮೇಲೆ ಈ ದಿನಚರಿಗೆ ಎರಡು ಹೊಸ ಕಷ್ಟಗಳು ಸೇರಿದವು. ಮೊದಲನೆಯದು ಕಾಗದ. ಪತ್ರಿಕೆಯ ಕಾಗದ ಬಹುಮಟ್ಟಿಗೆ ಸಮುದ್ರದಾಚೆಯಿಂದ ಬರುತ್ತಿದ್ದ ಸಾಮಗ್ರಿ. ಹಡಗುಗಳು ಯುದ್ಧಕ್ಕೆ ಹೋದವು. ಉಳಿದವನ್ನು ಶತ್ರುವಿನ ನೌಕೆಗಳು ಬೇಟೆಯಾಡಿದವು. ಕಾಗದದ ಬೆಲೆ ಏರಿತು. ಎರಡನೆಯದು ಸುದ್ದಿಯ ಕಷ್ಟ. ಯುದ್ಧಭೂಮಿಯಿಂದ ಬರುತ್ತಿದ್ದ ತಂತಿವರ್ತಮಾನ ಅಧಿಕಾರಿಗಳ ಕತ್ತರಿಯನ್ನು ದಾಟಿ ಬರುತ್ತಿತ್ತು. ವಿಲಾಯಿತಿಯ ಪತ್ರಿಕೆಗಳು ಹಡಗಿನಲ್ಲಿ ವಾರಗಟ್ಟಲೆ ತಡವಾಗಿ ತಲಪುತ್ತಿದ್ದವು. ಈ ಎರಡರ ನಡುವಣ ಖಾಲಿ ಜಾಗವನ್ನು ಗಾಳಿಮಾತು ತುಂಬುತ್ತಿತ್ತು.

ಗಾಳಿಮಾತಿನ ಬಲವೆಷ್ಟೆಂಬುದಕ್ಕೆ ಒಂದು ನಿದರ್ಶನ. 1914ನೆಯ ಸೆಪ್ಟೆಂಬರ್ 22ರ ರಾತ್ರಿ ‘ಎಂಡೆನ್’ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಕಡಲತೀರದಲ್ಲಿದ್ದ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿ ಬೆಂಕಿಯೆಬ್ಬಿಸಿತು. ಕೆಲವು ನಿಮಿಷಗಳ ಕೆಲಸ. ಆದರೆ ಮದರಾಸಿನ ಜನರು ಗುಂಪುಗುಂಪಾಗಿ ಊರು ಬಿಟ್ಟರು. ‘ಎಂಡೆನ್’ ಎಂಬ ಹೆಸರು ತಮಿಳರ ಮಾತಿನಲ್ಲಿ ಗಟ್ಟಿಗನಿಗೂ ಕಿಲಾಡಿಗೂ ಅಡ್ಡಹೆಸರಾಗಿ ಉಳಿದುಹೋಯಿತು. ಇಂತಹ ಸಮಯದಲ್ಲಿ ಪತ್ರಿಕಾಕರ್ತನ ಮುಂದೆ ಎರಡು ದಾರಿಗಳಿರುತ್ತವೆ. ಕೇಳಿದ್ದನ್ನೆಲ್ಲ ಅಚ್ಚುಮಾಡಿದರೆ ಪ್ರತಿಗಳು ಖರ್ಚಾಗುತ್ತವೆ. ಜನರ ಎದೆ ಒಡೆಯುತ್ತದೆ. ನಿಜವೆಂದು ಗೊತ್ತಾದಷ್ಟನ್ನೇ ಅಚ್ಚುಮಾಡಿದರೆ ಜನರು ನೆಮ್ಮದಿಯಿಂದಿರುತ್ತಾರೆ. ಪ್ರತಿಗಳು ಕಟ್ಟು ಬಿಚ್ಚದೆ ಹಿಂದಿರುಗುತ್ತವೆ. ಸತ್ಯಕ್ಕೆ ಬೆಲೆ ಕೊಡುವವನು ಸ್ವತಃ ನಷ್ಟ ಹೊರಬೇಕೆಂಬುದು ಯುದ್ಧಕಾಲದಲ್ಲಿ ನೀತಿವಾಕ್ಯವಾಗಿ ಉಳಿಯದೆ ತಿಂಗಳ ಕೊನೆಯ ಜಮಾಖರ್ಚಿನ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ.

ಆ ಸುದ್ದಿಗಳು ನಮ್ಮವರಿಗೆ ಪರಸ್ಥಳದ ಸುದ್ದಿಗಳೂ ಆಗಿರಲಿಲ್ಲ. ಮೈಸೂರು ಸಂಸ್ಥಾನದ ಕುದುರೆಯ ಸೈನ್ಯ ಆ ಯುದ್ಧಕ್ಕೆ ಹೋಗಿ, 1918ನೆಯ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಹೋರಾಡಿತು. ಅವರ ನೆನಪಿನ ಕಂಬ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಮಗನನ್ನು ಕುದುರೆಯ ಮೇಲೆ ಕಳುಹಿಸಿದ ತಾಯಿಗೆ ಪತ್ರಿಕೆಯ ಒಂದು ಸಾಲಿನ ತಪ್ಪು ಎಂತಹ ಸಂಕಟವಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಕರಡು ತಿದ್ದುವವನ ಕಣ್ಣು ರಾತ್ರಿಯಲ್ಲಿ ಮುಚ್ಚದೆ ಇದ್ದುದು ಇದಕ್ಕಾಗಿ.

ಈಗ ಮನೆಯ ಕಡೆಗೆ ಬರೋಣ. ಗುಂಡಪ್ಪನವರ ಧರ್ಮಪತ್ನಿ ಶ್ರೀಮತಿ ಭಾಗೀರಥಮ್ಮನವರು. ಆ ಸಾಧ್ವಿಯ ವಿಷಯವಾಗಿ ಕನ್ನಡನಾಡಿನಲ್ಲಿ ಬಹು ಜನರು ಹೇಳಿಕೊಂಡು ಬಂದಿರುವ ಸಂಗತಿಯೊಂದುಂಟು. ನಂಟರ ಮನೆಯಲ್ಲಿ ಶುಭಕಾರ್ಯ, ಕರೆ ಬಂದಿತ್ತು. ಮಕ್ಕಳನ್ನು ಹೊರಡಿಸಿದ ತಾಯಿ ತಾವು ಮಾತ್ರ ಹೊರಡಲಿಲ್ಲ. ಗುಂಡಪ್ಪನವರು ಕಾರಣವನ್ನು ಕೇಳಿದರು. ಹೊರಗೆ ಉಟ್ಟು ಹೋಗುವಂತಹ ಸೀರೆ ಮನೆಯಲ್ಲಿ ಇರಲಿಲ್ಲ; ಇದ್ದುದು ಹರಿದದ್ದು. ಅದನ್ನುಟ್ಟು ನಾಲ್ಕು ಜನರ ನಡುವೆ ಹೋದರೆ, ನೋಡಿದವರು ತಮ್ಮನ್ನು ಕಂಡು ಕನಿಕರ ಪಡುವುದಕ್ಕಿಂತ ಹೆಚ್ಚಾಗಿ ಯಜಮಾನರನ್ನು ಹಗುರವಾಗಿ ಕಾಣುವರು. ಊರಿಗೆಲ್ಲ ಬುದ್ಧಿ ಹೇಳುವ ಪತ್ರಿಕೆಯವರ ಮನೆಯ ಸ್ಥಿತಿ ಹೀಗೆ ಎಂದು ಆಡಿಕೊಳ್ಳುವರು. ತಾವು ಹೋಗದಿದ್ದರೆ ಯಾರಿಗೂ ನಷ್ಟವಿಲ್ಲ. ಅವರ ಗೌರವ ಉಳಿಯಬೇಕು. ಇದು ಆಕೆಯ ಉತ್ತರದ ಸಾರಾಂಶ.

ಈ ಸಂಗತಿಯನ್ನು ಕೇಳಿದ ಗೃಹಿಣಿಯರು ಕಣ್ಣೊರಸಿಕೊಳ್ಳುತ್ತಾರೆ. ಗಂಡಸರು ಆ ತಾಯಿಯ ತ್ಯಾಗವನ್ನು ಕೊಂಡಾಡುತ್ತಾರೆ. ನಮಗೆ ತೋರುವುದು ಇನ್ನೂ ಒಂದು ಮಾತು. ಆ ಮನೆಯಲ್ಲಿ ಸೀರೆಯಿಲ್ಲದೆ ಹೋದುದು ಯಜಮಾನರ ಅಶಕ್ತಿಯಿಂದಲ್ಲ. ಗುಂಡಪ್ಪನವರು ದಿವಾನ್ ವಿಶ್ವೇಶ್ವರಯ್ಯನವರ ವಿಶ್ವಾಸಕ್ಕೆ ಪಾತ್ರರಾಗಿದ್ದವರು. ಕೇಳಿದ್ದರೆ ಸರ್ಕಾರದ ಆಶ್ರಯ ದೊರೆಯದೆ ಇರುತ್ತಿರಲಿಲ್ಲ. ಪತ್ರಿಕೆಯವನು ಒಬ್ಬರ ಉಪ್ಪನ್ನು ತಿಂದ ಮೇಲೆ ಅವರ ತಪ್ಪನ್ನು ಹೇಳುವ ನಾಲಗೆ ದಪ್ಪವಾಗುವುದೆಂದು ಬಲ್ಲವರಾದುದರಿಂದ ಅವರು ಕೇಳಲಿಲ್ಲ. ಸರ್ಕಾರದ ಕೆಲಸಕ್ಕೆ ಲೇಖನಿಯ ಸಹಾಯ ಮಾಡಿದ್ದಕ್ಕಾಗಿ ಬಂದ ಚೆಕ್ಕುಗಳನ್ನು ಹಣಮಾಡಿಕೊಳ್ಳದೆ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರೆಂದೂ, ಅವು ಅವರ ಕಾಲಾನಂತರ ಕಣ್ಣಿಗೆ ಬಿದ್ದವೆಂದೂ ಅವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಪೆಟ್ಟಿಗೆಯಲ್ಲಿ ಚೆಕ್ಕು, ಗೂಟದ ಮೇಲೆ ಹರಿದ ಸೀರೆ! ಪತ್ರಿಕೆಯ ಸ್ವಾತಂತ್ರ್ಯವೆಂದು ನಾವು ಸಭೆಗಳಲ್ಲಿ ಹೊಗಳುವ ವಸ್ತು ಆ ಮನೆಯಲ್ಲಿ ಆ ರೂಪದಲ್ಲಿ ನೆಲಸಿತ್ತು. ಅದರ ಬೆಲೆಯನ್ನು ಪಾವತಿಮಾಡಿದವರು ಇಬ್ಬರು. ಒಬ್ಬರ ಹೆಸರು ಪತ್ರಿಕೆಯ ಮೇಲಿತ್ತು. ಇನ್ನೊಬ್ಬರ ಹೆಸರು ಎಲ್ಲಿಯೂ ಅಚ್ಚಾಗಲಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಮರೆಮಾಡುವುದು ನ್ಯಾಯವಲ್ಲ. ಒಬ್ಬನು ತನ್ನ ವ್ರತಕ್ಕಾಗಿ ತಾನು ಉಪವಾಸವಿರಬಹುದು. ಹೆಂಡತಿ ಮಕ್ಕಳನ್ನೂ ಉಪವಾಸವಿರಿಸಬಹುದೇ? ಇದಕ್ಕೆ ಸುಲಭವಾದ ಉತ್ತರ ನಮಗೆ ಕಾಣದು. ಆದರೆ ಆ ಕಾಲದ ಪತ್ರಿಕೆಗಳ ಲೆಕ್ಕಪುಸ್ತಕವನ್ನು ತೆರೆದರೆ ತಪ್ಪಿನ ಒಂದು ಪಾಲು ಬೇರೆಯವರ ಬಾಗಿಲಿಗೂ ಸಲ್ಲುವುದು ತಿಳಿಯುತ್ತದೆ. ಚಂದಾ ಬಾಕಿ ಎಂಬುದು ಎಲ್ಲ ಕನ್ನಡನಾಡಿನ ಪತ್ರಿಕೆಗಳಿಗೂ ಅಂಟಿದ ಹಳೆಯ ವ್ಯಾಧಿ. ವಿ.ಪಿ. ಮಾಡಿ ಕಳುಹಿಸಿದರೆ ‘ಊರಿನಲ್ಲಿಲ್ಲ’ ಎಂದು ಹಿಂದಿರುಗಿಸುವ ಗೃಹಸ್ಥನು ಅದೇ ಪತ್ರಿಕೆಯನ್ನು ನೆರೆಮನೆಯ ಜಗಲಿಯಲ್ಲಿ ಓದಿ, ಸಂಪಾದಕನು ಸಾಲದಷ್ಟು ಧೈರ್ಯವಾಗಿ ಬರೆಯುವುದಿಲ್ಲವೆಂದು ಆಕ್ಷೇಪಿಸುತ್ತಿದ್ದನು. ಆ ಹರಿದ ಸೀರೆಯಲ್ಲಿ ಇಂತಹ ಸದ್ಗೃಹಸ್ಥರ ಪಾಲೂ ಉಂಟು.

1918ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಅದಕ್ಕಿಂತ ಕ್ರೂರವಾದ ವೈರಿ ಬಂದಿತು. ಇನ್‌ಫ್ಲುಯೆಂಜಾ ಜ್ವರ ಭೂಮಂಡಲವನ್ನೆಲ್ಲ ಸುತ್ತಿ ನಮ್ಮ ಸಂಸ್ಥಾನದಲ್ಲಿಯೂ ಮನೆಮನೆಯಲ್ಲಿ ಹಾಸಿಗೆ ಹಾಸಿತು. ಮನೆಯ ಒಲೆ ಹಚ್ಚುವವರೂ ಒಟ್ಟಿಗೆ ಮಲಗಿದ ಕಾಲ ಅದು. ಅದೇ ವರ್ಷದ ಫೆಬ್ರವರಿಯಲ್ಲಿ ಗುಂಡಪ್ಪನವರ ಮನೆಯಲ್ಲಿ ಗಂಡುಮಗು ಹುಟ್ಟಿತ್ತು. ಆ ಮಗುವೇ ಮುಂದೆ ಸಸ್ಯಶಾಸ್ತ್ರದಲ್ಲಿ ವಿಖ್ಯಾತರಾಗಿ, ‘ಹಸುರು ಹೊನ್ನು’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆದ ಬಿ. ಜಿ. ಎಲ್. ಸ್ವಾಮಿಯವರು. ತಂದೆಗೂ ಮಗನಿಗೂ ಆ ಬಹುಮಾನ ದೊರೆತದ್ದು ಅಪರೂಪದ ಯೋಗ. ತಂದೆಯವರಿಗೆ ಅದು 1967ರಲ್ಲಿ ಬಂದಿತು.

‘ಕರ್ಣಾಟಕ’ ಪತ್ರಿಕೆ 1921ರಲ್ಲಿ ನಿಂತಿತು. 1924ರಲ್ಲಿ ಭಾಗೀರಥಮ್ಮನವರು ತೀರಿಕೊಂಡರು. ಇನ್ನೂ ನಲವತ್ತು ತುಂಬದ ಗುಂಡಪ್ಪನವರು ಮರುಮದುವೆಯನ್ನು ಮಾಡಿಕೊಳ್ಳಲಿಲ್ಲ. 1928ರಲ್ಲಿ ಬಾಗಿಲಕೋಟೆಯಲ್ಲಿ ಕರ್ಣಾಟಕದ ಪತ್ರಿಕಾಕರ್ತರ ಸಮ್ಮೇಳನ ನಡೆದಾಗ ಅವರೇ ಅಧ್ಯಕ್ಷರಾದರು. ಪತ್ರಿಕೆಯವರ ಧರ್ಮವೇನೆಂದು ತಿಳಿಸುವ ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೂ ಬರೆದರು. ಮನೆಯಲ್ಲಿ ಬೆಲೆ ತೆತ್ತು ಕಲಿತ ಪಾಠವನ್ನು ಅವರು ನಾಡಿಗೆ ಉಚಿತವಾಗಿ ಹೇಳಿಕೊಟ್ಟರೆಂದು ಹೇಳಿದರೆ ತಪ್ಪಾಗದು.

ಮೊದಲನೆಯ ಯುದ್ಧ ಮುಗಿದು ಇಪ್ಪತ್ತು ವರ್ಷ ಕಳೆದ ಮೇಲೆ ಎರಡನೆಯ ಮಹಾಯುದ್ಧ ಬಂದಿತು. ಈ ಸಲ ಅದು ಅಡಿಗೆಮನೆಗೇ ನುಗ್ಗಿತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾದ ಮೇಲೆ ಬರ್ಮಾದ ಅಕ್ಕಿ ನಿಂತಿತು. ರಾಗಿಯ ಸೀಮೆಯವರಾದ ನಮಗೂ ಧಾನ್ಯದ ಅಳತೆ, ಸೀಮೆಎಣ್ಣೆಯ ಅಳತೆ, ಬಟ್ಟೆಯ ಅಳತೆಗಳು ಪರಿಚಯವಾದವು. ಪತ್ರಿಕೆಗಳ ಕಾಗದಕ್ಕೂ ಸರ್ಕಾರದ ಹತೋಟಿ ಬಂದು ಪುಟಗಳು ಇಳಿದವು, ಬೆಲೆ ಏರಿತು. 1936ರಲ್ಲಿಯೇ ಭದ್ರಾವತಿಯಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಗಿದ್ದರೂ ಅಲ್ಲಿ ವೃತ್ತಪತ್ರಿಕೆಯ ಕಾಗದ ತಯಾರಾದದ್ದು 1981ರಿಂದ ಈಚೆಗೆ. ಯುದ್ಧಕಾಲದ ಸಂಪಾದಕನು ಹೊರದೇಶದ ಕಾಗದವನ್ನೇ ನೆಚ್ಚಬೇಕಾಗಿತ್ತು.

ಬರ್ಮಾವನ್ನು ನುಂಗಿದ ಅದೇ ಪ್ರವಾಹ ಇನ್ನೂ ಪೂರ್ವದಲ್ಲಿರುವ ಫಿಲಿಪೀನ್ಸ್ ದ್ವೀಪಗಳನ್ನೂ ಮುಳುಗಿಸಿತು. ಅಲ್ಲಿನ ಮನಿಲಾ ಪಟ್ಟಣದಲ್ಲಿ ಕಾರ್ಲೋಸ್ ರೋಮುಲೋ ಎಂಬ ಪತ್ರಿಕಾಕರ್ತರಿದ್ದರು. 1941ರಲ್ಲಿ ಪೂರ್ವದೇಶಗಳಲ್ಲಿ ಸಂಚರಿಸಿ, ಬರಲಿರುವ ಯುದ್ಧದ ಮುನ್ಸೂಚನೆಯನ್ನು ಲೇಖನಗಳಲ್ಲಿ ಕೊಟ್ಟರು. ಆ ವರ್ಷದ ಡಿಸೆಂಬರ್ ತಿಂಗಳಲ್ಲಿ ಜಪಾನೀಯರು ಮೇಲೆ ಬಿದ್ದಾಗ, ಹೆಂಡತಿಯನ್ನೂ ನಾಲ್ವರು ಗಂಡುಮಕ್ಕಳನ್ನೂ ಬಿಟ್ಟು ಕೊರೆಗಿಡೋರ್ ದ್ವೀಪದ ಕೋಟೆಗೆ ಹೋಗಿ, ಅಲ್ಲಿಂದ ರೇಡಿಯೋದಲ್ಲಿ ತಮ್ಮ ಜನರಿಗೆ ಧೈರ್ಯದ ನುಡಿಗಳನ್ನಾಡಿದರು. 1942ರಲ್ಲಿ ಆ ಲೇಖನಗಳಿಗೆ ಅಮೆರಿಕೆಯ ಪುಲಿಟ್ಜರ್ ಬಹುಮಾನ ದೊರೆಯಿತು. ಆಗ ಅವರ ಹೆಂಡತಿ ಮಕ್ಕಳು ಶತ್ರುವಿನ ಆಳ್ವಿಕೆಯಲ್ಲಿ ತಲೆಮರೆಸಿಕೊಂಡು ದಿನಗಳನ್ನು ನೂಕುತ್ತಿದ್ದರು. ಸಂಸಾರ ಮತ್ತೆ ಒಂದಾದದ್ದು 1945ರಲ್ಲಿ. 1949ರಲ್ಲಿ ಅವರು ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾದರು. ದೇಶ ಬೇರೆ, ಭಾಷೆ ಬೇರೆ, ವೈಭವ ಬೇರೆ. ಆದರೆ ಬೆಂಗಳೂರಿನ ಆ ಸಣ್ಣ ಮನೆಯಂತೆ ಇಲ್ಲಿಯೂ ಪತ್ರಿಕೆಯವನ ಮಾತಿಗೆ ಹಿಂದುಗಡೆ ಮೌನವಾಗಿ ಹೊಣೆ ನಿಂತವಳು ಗೃಹಿಣಿಯೇ.

ಆ ಎರಡನೆಯ ಯುದ್ಧದ ನಡುವೆ, 1943ರಲ್ಲಿ, ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ ಪ್ರಕಟವಾಯಿತು. 945 ಪದ್ಯಗಳ ಆ ಗ್ರಂಥವನ್ನು ಇಂದು ನಮ್ಮ ಮನೆಗಳಲ್ಲಿ ಕಷ್ಟ ಬಂದಾಗ ತೆರೆಯುತ್ತೇವೆ. ಲೋಕದ ಗದ್ದಲವನ್ನು ವಾರಕ್ಕೆ ಎರಡಾವೃತ್ತಿ ಬರೆದು, ಅದರ ಬಿಸಿಯನ್ನು ತನ್ನ ಒಲೆಯ ಬಳಿಯಲ್ಲಿಯೇ ಕಂಡ ಗೃಹಸ್ಥನ ಮನಸ್ಸು ಅದರಲ್ಲಿ ಮಾಗಿದೆಯೆಂದು ನಮಗೆ ತೋರುತ್ತದೆ. 1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿದರು. 1970ರಲ್ಲಿ ನಾಡಿನವರು ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. 1975ನೆಯ ಅಕ್ಟೋಬರ್ 7ರಂದು ದೈವಾಧೀನರಾದರು.

ಇಂದಿಗೂ ಲೋಕದಲ್ಲಿ ಯುದ್ಧಗಳು ನಿಂತಿಲ್ಲ. ಸುದ್ದಿ ಬರುವುದಕ್ಕೆ ರೈಲು ಬೇಕಾಗಿಲ್ಲ. ಅಂಗೈಯೊಳಗಿನ ಮೊಬೈಲಿನಲ್ಲಿ ಗಳಿಗೆಗೊಂದು ಬರುತ್ತದೆ, ಕಾಸಿನ ಖರ್ಚಿಲ್ಲದೆ ಬರುತ್ತದೆ. ಬಿಟ್ಟಿಯಾಗಿ ಬಂದ ಸುದ್ದಿಯ ಬೆಲೆಯನ್ನು ಯಾರು ಕೊಡುತ್ತಿದ್ದಾರೆಂದು ವಿಚಾರಿಸುವುದು ಗೃಹಸ್ಥನ ಧರ್ಮ. ನಿಜವನ್ನು ಹುಡುಕಿ ತಂದವನಿಗೆ ನಾವು ಕೊಡದಿದ್ದರೆ, ಸುಳ್ಳನ್ನು ಬೇಡುವ ಮತ್ತೊಬ್ಬನು ಕೊಟ್ಟಾನು. ಆದುದರಿಂದ ನಮ್ಮ ಸೋದರಿಯರಲ್ಲಿಯೂ ಸೋದರರಲ್ಲಿಯೂ ನಮ್ಮ ಬಿನ್ನಹ ಇಷ್ಟೆ. ತಿಂಗಳ ಲೆಕ್ಕದಲ್ಲಿ ಹಾಲಿನವನಿಗೆ, ಅಗಸನಿಗೆ ಎಂದು ಬರೆಯುವ ಪುಟದಲ್ಲಿ ತಾವು ನಂಬುವ ಪತ್ರಿಕೆಯ ಹೆಸರಿಗೂ ಒಂದು ಸಾಲು ಇರಲಿ. ಗಾಳಿಮಾತು ಬಾಗಿಲಿಗೆ ಬಂದಾಗ ನೆರೆಮನೆಗೆ ದಾಟಿಸುವ ಮುನ್ನ ಒಂದು ದಿನ ತಡೆಯುವ ತಾಳ್ಮೆಯಿರಲಿ. ಶುಭಕಾರ್ಯದ ದಿನ ಹೊಸ ಸೀರೆಯುಟ್ಟು ಹೊರಡುವಾಗ, ಅಂದು ಮನೆಯಲ್ಲಿಯೇ ಉಳಿದ ಆ ತಾಯಿಯನ್ನು ಒಮ್ಮೆ ನೆನೆಯೋಣ.